ಕೋಲು ಹತ್ತಿದ ಗೋಸುಂಬೆ

ಹೊಡೆಯಲೆಂದು ಚಾಚಿದ ನನ್ನ ಊರುಗೋಲನ್ನು ಗೋಸುಂಬೆ ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಹಿಡಿದದ್ದಷ್ಟೇ ಅಲ್ಲ, ಕುಡಿದವನ ಹಾಗೆ ತೂಗಾಡುತ್ತ ನನ್ನ ಕೈಯತ್ತಲೇ ಹತ್ತತೊಡಗಿತು. ಒಂದು ಕಣ್ಣು ನನ್ನ ಮೇಲೆ, ಇನ್ನೊಂದು ಹಿಂದೆ ನಿಂತಿದ್ದ ಹೆಂಡತಿಯ ಮೇಲೆ.

ಗೋಸುಂಬೆಯ ಉಸಿರು ತಾಕಿದರೂ ವಿಷ ಎಂದು ಊರವರನ್ನು ಹೆದರಿಸಿ, ರಾಮಗಿರಿಯ ಸುತ್ತ ಕರೆದವರ ಹಿತ್ತಲಿಗೆಲ್ಲ ಹೋಗಿ ಇದೇ ಕೋಲಿನಲ್ಲಿ ಬಡಿದು ಬಂದ ಶೂರ ನಾನು. ಅಂದು ಮಾತ್ರ ಕೈ ಏಳಲಿಲ್ಲ. ಹಿಂದಿನ ವಾರವಷ್ಟೇ ಈ ಹೊಲದ ಹಳೆಯ ಗಿಡದ ಬೇಲಿಯನ್ನು ಬುಡಸಮೇತ ಕೀಳಿಸಿ ತಂತಿ ಎಳೆಸಿದ್ದೆ. ಇದರ ಮನೆ ಆ ಬೇಲಿಯೇ. ಈಗ ಹಿಡಿದುಕೊಳ್ಳಲು ಅದಕ್ಕೆ ಉಳಿದಿದ್ದ ಕೊಂಬೆ ಎಂದರೆ ನನ್ನ ಕೋಲೊಂದೇ.

ಕೋಲಿನ ಸಮೇತ ಅದನ್ನು ಹೊತ್ತು ಪಕ್ಕದ ಹೊಲದ ಪೊದೆಯತ್ತ ಮೆಲ್ಲಗೆ ಹೊರಟೆ.

"ಹೊಡೀತೀನಿ ಅಂತ ಬಂದು ಪಲ್ಲಕ್ಕಿ ಹೊತ್ಕಂಡು ಹೊಂಟ್ರಲ್ರೀ! ಛತ್ರಿ ಹಿಡೀಲಾ?" ಎಂದಳು ಹೆಂಡತಿ.

"ಸುಮ್ನಿರೇ, ಸ್ವಾಮ್ಗಳು ಗಾಬ್ರಿ ಆಗ್ತಾರೆ," ಎಂದೆ.

ಪೊದೆ ಬಂದರೂ ಸ್ವಾಮಿಗಳು ಇಳಿಯಲಿಲ್ಲ. ಕೋಲನ್ನು ಅಲ್ಲೇ ಒರಗಿಸಿ, ಹೆಂಡತಿಯ ಭುಜ ಹಿಡಿದು ಕುಂಟುತ್ತ ಮನೆಗೆ ಬಂದೆ. ಅದನ್ನು ತರಲು ಇನ್ನೂ ಹೋಗಿಲ್ಲ. ಆ ಕೋಲಿನ ಏಟಿಗೆ ಸತ್ತವುಗಳ ಮುಂದೆ ನನ್ನ ಕುಂಟು ದೊಡ್ಡ ದಂಡವೇನಲ್ಲ.