ಮಗಳಿಗೆ ದನಿ ಕೊಟ್ಟ ಟೀಚರ್

ಸಂಜೆ ನಾಲ್ಕೂಕಾಲಿಗೆ ಮನೆಯ ಹಿಂದಿನ ಗುಡ್ಡದ ಬರೆ ಕುಸಿಯಿತು. ಕಣ್ಣು ಕಾಣದ, ಮಾತು ಬಾರದ ನನ್ನ ಮಗಳು ಒಳಗಿದ್ದಳು. ಕೆಸರು ನುಗ್ಗಿದ ಕೋಣೆಯಿಂದ ಹೊರಗಿದ್ದ ನನಗೆ ಕೇಳಿಸಿದ್ದು ಅವಳ ಟೀಚರ್ ದನಿ: "ಅಮ್ಮಾ, ಬಾ."

ಮಡಿಕೇರಿಯಿಂದ ಬಸ್ಸಿನಲ್ಲಿ ಬಂದು ಕಲಿಸುತ್ತಿದ್ದ ಆ ಟೀಚರ್, ಒತ್ತಿದರೆ ಅವಳ ಪರವಾಗಿ ಮಾತಾಡುವ ಯಂತ್ರದ ಗುಂಡಿಗಳಿಗೆ ತಮ್ಮ ದನಿ ತುಂಬಿಸಿದ್ದರು. ನನ್ನನ್ನು ಕರೆಯುವ ಗುಂಡಿಗೆ ನನ್ನ ಸೀರೆಯ ಚೂರು ಅಂಟಿಸಿದ್ದರು. "ತಡೀರಿ, ಅವಳೇ ಹುಡುಕಲಿ" ಎಂದು ನನ್ನ ಕೈ ಸರಿಸುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಅಂದು ಆ ದನಿ ಹಿಡಿದೇ ಮಗಳನ್ನು ಮಂಚದಡಿಯಿಂದ ಎಳೆದುಕೊಂಡೆ. ಆದರೂ ಆಮೇಲೆ ಟೀಚರ್ ಬಂದಾಗ ಹೇಳಿದೆ, "ಅವಳು ಕರೆದದ್ದು ನಿಮ್ಮ ದನಿಯಲ್ಲಿ."

"ಹಾಗಾದ್ರೆ ನೀವೇ ತುಂಬಿಸಿ ಮಾರಾಯ್ರೆ, ನನ್ನ ಗಂಟಲಾದ್ರೂ ಉಳೀತದೆ" ಎಂದು ನಕ್ಕರು.

ತುಂಬಿಸಿದೆ. ರಾತ್ರಿ ಬೆಚ್ಚಿದಾಗೆಲ್ಲ ಮಗಳು ಗುಂಡಿ ಒತ್ತಿ, ನನ್ನ ದನಿ ಕೇಳಿ, ನಾನು ಅಲ್ಲೇ ಇದ್ದೇನೆಂದು ಯಂತ್ರದ ಸುತ್ತ ತಡಕಾಡಿ ಅಳುತ್ತಿದ್ದಳು. ಟೀಚರ್ ದನಿಯಾದರೆ ಅದು ಯಂತ್ರ, ಅಮ್ಮ ಈಗ ಬರುತ್ತಾಳೆ ಎಂದು ಅವಳಿಗೆ ಗೊತ್ತಿತ್ತು.

ಹಲ್ಲು ಕಚ್ಚಿ ಟೀಚರ್ ದನಿಯನ್ನೇ ಮತ್ತೆ ತುಂಬಿಸಿಕೊಂಡ ದಿನ, ನಾವಿಬ್ಬರೂ ಬೆಳಗಿನವರೆಗೂ ನಿದ್ದೆ ಮಾಡಿದೆವು.