ನಿಂಬೆ ಗಿಡದ ಹಸಿರು ಹುಳುಗಳು

ಕಳೆದ ವಾರ ನಮ್ಮ ಬೀದಿಯ ದರ್ಜಿಯವರು ಹೊಸ ಲೈನಿಂಗ್ ಬಟ್ಟೆಯನ್ನು ಬಕೆಟ್ಟಿನ ನೀರಿಗೆ ಅದ್ದಿದಾಗ ಗಂಜಿಯ ವಾಸನೆ ಎದ್ದಿತು. ಈ ಬರಹಕ್ಕೆ ಆ ವಾಸನೆಯೇ ಕಾರಣವಾಗಿರುತ್ತದೆ. ಇದುವರೆಗೆ ನಾನು ಅರ್ಜಿಗಳನ್ನು ಹಾಗೂ ಕಚೇರಿ ಪತ್ರಗಳನ್ನು ಮಾತ್ರ ಬರೆದವನಾದ್ದರಿಂದ, ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ಹಲವು ವರ್ಷಗಳ ಹಿಂದೆ ನಾನು ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು, ದಿಲ್‌ಸುಖ್‌ನಗರದ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಕೆಲಸಕ್ಕೆ ಸೇರಿದೆನು. ಸೀರೆಗೆ ಹೊಂದುವ ರವಿಕೆ ಬಟ್ಟೆ ಮಾರುವ, ಸದಾ ಇದೇ ಗಂಜಿಯ ವಾಸನೆ ತುಂಬಿರುತ್ತಿದ್ದ ಅಂಗಡಿ ಅದು. ಒಡತಿ ಕಲಬುರಗಿಯವರು, ನಾವೆಲ್ಲರೂ ಅವರನ್ನು ಅಕ್ಕಾರು ಎನ್ನುತ್ತಿದ್ದೆವು. ಅವರು ಟ್ಯೂಬ್‌ಲೈಟನ್ನು ನಂಬುತ್ತಿರಲಿಲ್ಲ. ಅದರ ಕೆಳಗೆ ಒಂದೇ ಆಗಿ ಕಂಡ ಎರಡು ಬಣ್ಣಗಳು ಹೊಸ್ತಿಲಿನ ಬಿಸಿಲಿನಲ್ಲಿ ಬೇರೆಯಾಗುವುದನ್ನು ಗಿರಾಕಿಗಳಿಗೆ ತೋರಿಸುವುದೆಂದರೆ ಅವರಿಗೆ ಎಲ್ಲಿಲ್ಲದ ಉತ್ಸಾಹ.

ನನ್ನ ಸಂಗತಿ ಬೇರೆಯಿತ್ತು. ನನಗೆ ಹಸಿರು ಮತ್ತು ಕಂದು ಬಣ್ಣಗಳ ವ್ಯತ್ಯಾಸ ಕಾಣುವುದಿಲ್ಲ. ಇದನ್ನು ಮರೆಮಾಚಿಯೇ ಕೆಲಸಕ್ಕೆ ಸೇರಿದ್ದೆನು. ಯಾವ ಥಾನು, ಅಂದರೆ ಬಟ್ಟೆಯ ಸುರುಳಿ, ಯಾವ ಹಲಗೆಯಲ್ಲಿ ಎಷ್ಟನೆಯದು ಎಂದು ಬಾಯಿಪಾಠ ಮಾಡಿಕೊಂಡಿದ್ದೆನು. ಗಿರಾಕಿಗಳು ಬಟ್ಟೆಯನ್ನು ಬಿಸಿಲಿಗೆ ಹಿಡಿದಾಗ ನಾನು ಬಟ್ಟೆಯನ್ನಲ್ಲ, ಅವರ ಹುಬ್ಬುಗಳನ್ನು ನೋಡುತ್ತಿದ್ದೆನು. ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಭಯಕ್ಕೆ ಪ್ರತಿದಿನ ಷಟರ್ ಎತ್ತುವಾಗಲೇ ಥಾನುಗಳ ಸಾಲನ್ನು ಮತ್ತೊಮ್ಮೆ ಎಣಿಸಿಕೊಳ್ಳುತ್ತಿದ್ದೆನು...

ಒಂದು ದಿನ ಹೊಸ ಮಾಲು ಬಂದು ಥಾನುಗಳು ಸ್ಥಳ ಬದಲಿಸಿದ್ದವು. ನಾನು ಎಲೆಹಸಿರು ಸೀರೆಗೆ ಕಂದು ಬಟ್ಟೆಯನ್ನು ಕತ್ತರಿಸಿಕೊಟ್ಟೆನು. "ಕ್ಯಾ ಭಾಯ್, ಪತ್ತಾ ಸೂಖ್ ಗಯಾ?" ಎಲೆ ಒಣಗಿತೇನು ಎಂದು ಕೇಳಿ ಆ ಹೆಂಗಸು ನಕ್ಕರು. ಅಕ್ಕಾರು ಬೇರೆ ಬಟ್ಟೆ ಕತ್ತರಿಸಿಕೊಟ್ಟರು.

ಮಧ್ಯಾಹ್ನ ಅವರು ಬಾಗಿಲ ಪಕ್ಕದ ಕುಂಡದಲ್ಲಿದ್ದ ನಿಂಬೆ ಗಿಡದ ಮೇಲೆ ಬಾಗಿದ್ದರು.

"ಹಸರು ಹುಳ ಎಲಿ ತಿನ್ನಾಕತ್ತಾವ. ಮುಂಜಾನಿಂದ ಹುಡುಕಾಕತ್ತೀನಿ, ಒಂದೂ ಸಿಗವಲ್ದು," ಎಂದರು.

ನಾನು ಬಗ್ಗಿ ನೋಡಿ, ಒಂದೊಂದಾಗಿ ನಾಲ್ಕು ಹುಳುಗಳನ್ನು ಬೆರಳಿಟ್ಟು ತೋರಿಸಿದೆನು. ಅವುಗಳ ಉಬ್ಬಿದ ಮೈ, ಮೈಮೇಲಿನ ಪಟ್ಟಿ ನನಗೆ ಸ್ಪಷ್ಟವಾಗಿಯೇ ಕಂಡಿದ್ದವು. ಅಕ್ಕಾರು ಹುಳುಗಳನ್ನು ಬಿಟ್ಟು ನನ್ನನ್ನೇ ನೋಡಿದರು.

"ತಮ್ಮಾ, ನಿನಗ ಹಸರು ಕಾಣಂಗಿಲ್ಲ. ಹೌದಲ್ಲ?"

ಒಳಗಿನವರು ಯಾರಾದರೂ ಕೇಳಿಸಿಕೊಂಡರೇ ಎಂದು ನಾನು ತಿರುಗಿ ನೋಡಿದೆನು. "ಯಾರಿಗೂ ಹೇಳಬ್ಯಾಡ್ರಿ, ಅಕ್ಕಾರ."

"ಹಸರು ನಮ್ಮ ಕಣ್ಣು ಕಟ್ಟತೈತಿ, ನಿನ್ನ ಕಣ್ಣು ಕಟ್ಟೂದಿಲ್ಲ. ಭಾಳ ಚಲೋ ಆತು ನೋಡು," ಎಂದರು. ಹೇಳುವುದಿಲ್ಲ ಎಂದು ಮಾತ್ರ ಅವರು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವರು ಥಾನುಗಳನ್ನು ಬಿಚ್ಚಿ ಹರಡಿ, ನೇಯ್ಗೆಯ ತಪ್ಪುಗಳನ್ನು ಹುಡುಕಲು ನನಗೆ ಹೇಳಿದರು. ತಪ್ಪಿದ ಎಳೆ, ಗಂಟು... ಅವರಿಗೆ ಕಾಣದಿದ್ದವೂ ನನಗೆ ಕಂಡವು. ಅವರು ಸಂತೋಷ ತಡೆಯಲಾರದೆ ಎಲ್ಲರನ್ನೂ ಕರೆದರು.

"ಇವಗ ಬಣ್ಣ ಕೇಳಬ್ಯಾಡ್ರಿ, ನೇಯ್ಗಿ ಕೇಳ್ರಿ. ಹಸರು ಕಾಣಂಗಿಲ್ಲ, ಅದಕ್ಕ ಉಳಿದದ್ದೆಲ್ಲಾ ಕಾಣ್ತೈತಿ."

"ಹಂಗಾದ್ರ ಸಿಗ್ನಲ್‌ನ್ಯಾಗ ಹೆಂಗ ದಾಟ್ತಿಯೋ?" ಎಂದು ಜೊತೆಯವನೊಬ್ಬ ಕೇಳಿದನು. ಎಲ್ಲರೂ ನಕ್ಕರು. ಅಕ್ಕಾರೂ ನಕ್ಕರು.

ಊಟದ ವೇಳೆಯಲ್ಲಿ ನಾನು ಡಬ್ಬಿ ಎತ್ತಿಕೊಂಡು ಹೊರಟವನು ಮರಳಿ ಹೋಗಲಿಲ್ಲ. ಯಾವ ಕಾರಣವನ್ನೂ ತಿಳಿಸಲಿಲ್ಲ. ಬಳಿಕ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದೆನು. ಅವರು ಕಂಡದ್ದು ನನ್ನ ಕೊರತೆಯನ್ನಲ್ಲ, ಒಂದು ಅಚ್ಚರಿಯನ್ನು ಎಂಬುದು ನನಗೆ ಮನವರಿಕೆಯಾಗಲು ಬಹಳ ವರ್ಷಗಳೇ ಬೇಕಾದವು.

ಈ ಭಾನುವಾರ ಅದನ್ನೇ ಅವರಿಗೆ ಹೇಳಬೇಕೆಂದು, ಮೆಟ್ರೋದಲ್ಲಿ ಮಾತುಗಳನ್ನು ಜೋಡಿಸಿಕೊಳ್ಳುತ್ತಾ ದಿಲ್‌ಸುಖ್‌ನಗರಕ್ಕೆ ಹೋದೆನು. ಅಂಗಡಿ ಇತ್ತು. ಗಲ್ಲಾಪೆಟ್ಟಿಗೆಯ ಬಳಿ ಅವರ ಸೊಸೆ ಕುಳಿತಿದ್ದರು. ಅಕ್ಕಾರು ತೀರಿಕೊಂಡು ಎರಡು ವರ್ಷವಾಯಿತೆಂದು ತಿಳಿಸಿದರು.

"ಅತ್ತಿಯವರು ನಿಮಗ ಹೆಂಗ ಗೊತ್ತರಿ?" ಎಂದು ಕೇಳಿದರು.

"ನಾ ಹಳೇ ಗಿರಾಕಿರಿ," ಎಂದೆನು.

"ಹೌದೇನ್ರಿ, ಕೂಡ್ರಿ. ಯಾವ ಬಣ್ಣ ತೋರಿಸ್ಲಿ?"

ನಾನು ಬಿಳಿ ಬಟ್ಟೆ ಒಂದು ಮೀಟರ್ ಕೇಳಿ, ಕಟ್ಟಿಸಿಕೊಂಡು ಹೊರಬಂದೆನು.