ಟವೆಲ್ ಮೇಲಿನ ಬಿಸಿಲ ಸಂಡಿಗೆ

ಬಾಳೂರಿನ ಗುಡ್ಡದ ಮೇಲೆ ಗಂಗಾಧರಪ್ಪನವರ ಕಾಫಿ ತೋಟದಲ್ಲಿ ಮರಗಸಿ ಮಾಡುತ್ತಿದ್ದವನು ಗಿಡ್ಡಪ್ಪ. ಹೆಸರಿಗಷ್ಟೇ ಗಿಡ್ಡಪ್ಪ, ಆಳು ಮಾತ್ರ ಕೂಲಿಯವರ ಲೈನ್ ಮನೆಯ ಬಾಗಿಲಿಗೆ ತಲೆ ತಗಲುವಷ್ಟು ಉದ್ದ. ಕಾಫಿಗೆ ನೆರಳು ಕೊಡುವ ದೊಡ್ಡ ಮರಗಳನ್ನು ಮಳೆ ಹಿಡಿಯುವುದಕ್ಕೆ ಮುಂಚೆ ಹತ್ತಿ, ಯಾವ ರೆಂಬೆ ತೆಗೆಯಬೇಕು, ಯಾವುದನ್ನು ಬಿಡಬೇಕು ಎಂದು ನೋಡಿ ಗಿಡಗಳಿಗೆ ಬೆಳಕು ಬಿಡಿಸುವ ಕೆಲಸ ಅದು. ಒಂಟಿ ಬಿದಿರಿನ ಏಣಿ ಚಾಚಿ, ಸೊಂಟಕ್ಕೆ ಹಗ್ಗ ಬಿಗಿದು, ಬೆನ್ನಿಗೆ ಕತ್ತಿ ಸಿಕ್ಕಿಸಿ ಅವನು ಮರ ಏರುವುದನ್ನು ನೋಡಿದರೆ ಕೆಳಗೆ ನಿಂತವರ ಅಂಗಾಲು ಬೆವರುತ್ತಿತ್ತು.

ಆದರೆ ಅವನ ಹೆಚ್ಚುಗಾರಿಕೆ ಹತ್ತುವುದರಲ್ಲಿ ಇರಲಿಲ್ಲ. ನಡು ಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ ಬಂದಾಗ, ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಕಾಫಿ ಗಿಡಗಳ ನಡುವೆ ನೆಲಕ್ಕೆ ಹಾಸುತ್ತಿದ್ದ. ಮರದ ಎಲೆಗಳ ಸಂದಿಯಿಂದ ಇಳಿದ ಬಿಸಿಲು ಟವೆಲ್ ಮೇಲೆ ದುಂಡುದುಂಡಾಗಿ, ಬಟ್ಟೆಯ ಮೇಲೆ ಸಂಡಿಗೆ ಇಟ್ಟ ಹಾಗೆ ಬೀಳಬೇಕು. ಸಂಡಿಗೆಗಳು ಒಂದಕ್ಕೊಂದು ಅಂಟಿಕೊಂಡರೆ ಬಿಸಿಲು ಹೆಚ್ಚು. ಎರಡೋ ಮೂರೋ ಬಿದ್ದರೆ ಕತ್ತಲೆ, ಇನ್ನೊಂದು ರೆಂಬೆ ಹೋಗಬೇಕು. ಅಷ್ಟೇ ಅವನ ಲೆಕ್ಕ.

ಸಂಜೆ ಮನೆಗೆ ಬಂದರೆ ಹೆಂಡತಿ ರಾಮಮ್ಮ ಬಿಡುತ್ತಿರಲಿಲ್ಲ.

"ಇವತ್ತೆಷ್ಟು ಸಂಡಿಗೆ ಇಟ್ರಿ ಮಾರಾಯ್ರೆ? ನಾಕು ಕರಿಯಾಣ ಅಂದ್ರೆ ಒಂದೂ ಮನೆಗೆ ಬರಲ್ವಲ್ಲ!"

"ಎಣ್ಣೆ ಕಾಯಿಸಿರು, ನಾಳೆ ತರ್ತೀನಿ."

ತೋಟವನ್ನು ಬ್ಲಾಕುಗಳಾಗಿ ಪಾಲು ಮಾಡಿದ್ದರು. ಹಳ್ಳದ ಬದಿಯ ಬ್ಲಾಕಿನಲ್ಲಿ ಒಂದು ಬಸರಿ ಮರವಿತ್ತು. ನಾಲ್ಕು ಜನ ಕೈ ಹಿಡಿದರೂ ಬಳಸಲಾಗದ ಮರ. ಗಿಡ್ಡಪ್ಪ ಪ್ರತಿವರ್ಷ ಮೊದಲ ಕತ್ತಿ ಹಾಕುತ್ತಿದ್ದುದು ಅದಕ್ಕೇ. ಬುಡದಲ್ಲಿ ಒಂದು ಅಚ್ಚು ಬೆಲ್ಲ ಇಟ್ಟು, ಕಾಂಡಕ್ಕೆ ಅಂಗೈ ಊರಿ, "ಸ್ವಲ್ಪ ಹಗುರ ಮಾಡ್ತೀನಿ, ಬೇಜಾರು ಮಾಡ್ಕಬೇಡ" ಎಂದು ಹೇಳಿಯೇ ಏಣಿ ಹತ್ತುತ್ತಿದ್ದ. ಎಷ್ಟೇ ಬೋಳಿಸಿದರೂ ತುದಿಯ ಕುಡಿಗಳನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಹಣ್ಣು ಬಿಟ್ಟಾಗ ಮಂಗಟ್ಟೆ ಹಕ್ಕಿಗಳು ಬಂದು ಗಲಾಟೆ ಎಬ್ಬಿಸುತ್ತಿದ್ದವು. ಏಪ್ರಿಲ್‌ನಲ್ಲಿ ಬೇರೆ ಕಡೆ ಹಳ್ಳ ಬತ್ತಿ ಬರೀ ಕಲ್ಲಾದರೂ ಅದರ ಬೇರಿನ ಸಂದಿಯಲ್ಲಿ ಒಂದು ಬಿಂದಿಗೆ ಮುಳುಗುವಷ್ಟು ನೀರು ನಿಂತಿರುತ್ತಿತ್ತು.

ತೊಂಬತ್ತೈದನೇ ಇಸವಿಯಲ್ಲಿ ಗಂಗಾಧರಪ್ಪನವರ ಮಗ ಪ್ರಶಾಂತ್ ಚಿಕ್ಕಮಗಳೂರಿನಲ್ಲಿ ಬಿ.ಎಸ್ಸಿ. ಮುಗಿಸಿ ತೋಟ ನೋಡಿಕೊಳ್ಳಲು ಬಂದ. ಒಳ್ಳೆಯ ಹುಡುಗ, ಕೆಲಸಕ್ಕೆ ಅಂಜುವವನಲ್ಲ. ಬಂದ ವಾರಕ್ಕೇ ತೋಟವೆಲ್ಲ ಸುತ್ತಿ, ಅಪ್ಪನ ಮುಂದೆ ಒಂದು ಮಾತು ತೆಗೆದ. ಕಣದಲ್ಲಿ ಏಣಿಗೆ ಹಗ್ಗ ಸುತ್ತುತ್ತಿದ್ದ ಗಿಡ್ಡಪ್ಪನಿಗೂ ಕೇಳಿಸಿತು.

"ಎಲೆ ಅಂದ್ರೆ ಅಡುಗೆಮನೆ ಅಪ್ಪ. ಬೇರು ನೀರು ತಂದ್ಕೊಡುತ್ತೆ. ನಾವು ಬಿಡೋ ಕೆಟ್ಟ ಗಾಳೀನ ಎಲೆ ಎಳ್ಕೊಳ್ಳುತ್ತೆ. ಎರಡನ್ನೂ ಸೇರಿಸಿ ಅಡುಗೆ ಮಾಡುತ್ತೆ, ನಮಗೆ ಒಳ್ಳೆ ಗಾಳಿ ಬಿಡುತ್ತೆ. ಅದಕ್ಕೆ ಉರಿ ಅಂದ್ರೆ ಬಿಸಿಲು. ನಾವು ಮೇಲೆ ಇಷ್ಟು ಮರ ಹೊದಿಸಿಟ್ರೆ ಒಲೆ ಉರಿಯೋದು ಹೇಗೆ? ಎಲ್ಲ ತೆಗೆದು ಸಿಲ್ವರ್ ಓಕ್ ಹಾಕಾಣ, ಅದು ನೆಟ್ಟಗೆ ಹೋಗುತ್ತೆ, ನೆರಳು ಕಮ್ಮಿ."

ಗಿಡ್ಡಪ್ಪನಿಗೆ ಆ ಮಾತು ಬಹಳ ಹಿಡಿಸಿತು. ಇಷ್ಟು ವರ್ಷ ಮರದ ಮೇಲೇ ಇದ್ದರೂ ಎಲೆ ಒಳಗೊಳಗೇ ಅಡುಗೆ ಮಾಡುತ್ತದೆ ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಆದರೆ ಮಾತಿನ ಕೊನೆ ಹಿಡಿಸಲಿಲ್ಲ. ಚಿಕ್ಕ ಯಜಮಾನನ ಕಡೆ ತಿರುಗಿದ.

"ಸಣ್ಣಯ್ಯ, ಒಲೆ ಉರೀಬೇಕು, ಸರಿ. ಗಂಜಿ ತಳ ಹಿಡಿಯೋವಷ್ಟು ಉರಿ ಬೇಕಾ?"

"ನೀನು ಮರ ಹತ್ತೋದ್ರಲ್ಲಿ ಗಟ್ಟಿಗ ಗಿಡ್ಡಪ್ಪ. ಇದು ಸೈನ್ಸು."

"ಹಂಗಾದ್ರೆ ಮಧ್ಯಾಹ್ನ ಬನ್ನಿ. ರಸ್ತೆ ಪಕ್ಕ ಬಿಸಿಲಿಗೆ ಬಿದ್ದಿರೋ ಗಿಡದ ಎಲೆ ಮುಟ್ಟಿ, ಬಸರಿ ಕೆಳಗಿನ ಎಲೆ ಮುಟ್ಟಿ. ಒಂದು ಸೊಪ್ಪು ಬೇಯಿಸಿದಂಗೆ ಜೋತಿರ್ತದೆ, ಒಂದು ನೆಟ್ಟಗಿರ್ತದೆ. ಜೋತು ಬಿದ್ದಿರೋ ಅಡುಗೆಯವಳು ಎಂಥ ಅಡುಗೆ ಮಾಡ್ತಾಳೆ?"

ಗಂಗಾಧರಪ್ಪನವರು ಜೋರಾಗಿ ನಕ್ಕರು. ಆದರೆ ಸುತ್ತಲಿನ ತೋಟದವರೆಲ್ಲ ಮರ ಬೋಳಿಸುತ್ತಿದ್ದ ಕಾಲ ಅದು, ಮಗನ ಮಾತನ್ನು ತೆಗೆದುಹಾಕಲು ಅವರಿಗೂ ಮನಸ್ಸು ಬರಲಿಲ್ಲ. "ರಸ್ತೆ ಬದಿ ಬ್ಲಾಕಿನ ಮರ ತೆಗೆಸಿ. ಹಳ್ಳದ ಬ್ಲಾಕು ಹಂಗೇ ಇರಲಿ. ಎರಡು ವರ್ಷ ನೋಡಾಣ ಮಾರಾಯ, ಯಾವುದು ಗೆಲ್ತದೋ ಇಡೀ ತೋಟಕ್ಕೆ ಅದೇ" ಎಂದರು.

ರಸ್ತೆ ಬ್ಲಾಕಿನ ಅತ್ತಿ, ಹಲಸು, ಮತ್ತಿ ಎಲ್ಲ ಉರುಳಿದವು. ಅವುಗಳ ಜಾಗಕ್ಕೆ ಗೇಣುದ್ದದ ಸಿಲ್ವರ್ ಓಕ್ ಸಸಿಗಳು ಬಂದವು. ಕಡಿದವನು ಗಿಡ್ಡಪ್ಪನೇ. ಕೆಲಸ ಕೆಲಸವೇ. ಮುಗಿಸಿದ ದಿನ ಟವೆಲ್ ಹಾಸಿ ನೋಡಿದ. ಒಂದೂ ಸಂಡಿಗೆ ಇಲ್ಲ, ಇಡೀ ಟವೆಲ್ ಒಂದೇ ಬೆಳ್ಳಗೆ ಕಣ್ಣಿಗೆ ಹೊಡೆಯಿತು.

ಮುಂದಿನ ವರ್ಷ ಆ ಬ್ಲಾಕಿನಲ್ಲಿ ಹೂವು ನಿಂತದ್ದನ್ನು ನೋಡಬೇಕಿತ್ತು. ಗಿಡ ಕಾಣದ ಹಾಗೆ ಬಿಳಿ. ಹಣ್ಣಾದಾಗ ಗಿಡದ ರೆಕ್ಕೆಗಳು, ಅಂದರೆ ಪಕ್ಕದ ಕೊಂಬೆಗಳು, ನೆಲ ಮುಟ್ಟುವಷ್ಟು ಬಾಗಿದವು. ರಾಮಮ್ಮನೇ ಬುಟ್ಟಿ ತುಂಬಿ ತುಂಬಿ ಸುಸ್ತಾದಳು.

"ಏನ್ ಗಿಡ್ಡಪ್ಪ, ಗಂಜಿ ತಳ ಹಿಡೀತಾ?" ಎಂದು ಪ್ರಶಾಂತ್ ಎಲ್ಲರೆದುರು ಛೇಡಿಸಿದ.

ಗಿಡ್ಡಪ್ಪ ಬಾಗಿದ ರೆಕ್ಕೆಯೊಂದನ್ನು ಎತ್ತಿ ಹಿಡಿದು ನೋಡಿ ಬಿಟ್ಟ. ಕಣ್ಣೆದುರಿನ ಹಣ್ಣು ಸುಳ್ಳಲ್ಲ. ಹೇಳಿದ ಎರಡು ವರ್ಷ ತುಂಬುವ ಮೇ ತಿಂಗಳಲ್ಲಿ ಬಸರಿಯನ್ನು ಹೊಡೆಯುವುದು ಎಂದು ಗೊತ್ತಾಯಿತು. ಹೊಡೆಯುವವನೂ ಅವನೇ. ಆ ಕೊಯ್ಲಿನ ತಿಂಗಳುಗಳಲ್ಲಿ ಅವನು ಹಳ್ಳದ ಕಡೆ ನೋಡದೆ ನಡೆಯುತ್ತಿದ್ದ. ರಾಮಮ್ಮ ಸಂಡಿಗೆ ಮಾತು ಎತ್ತುವುದನ್ನೇ ಬಿಟ್ಟಳು.

ಫೆಬ್ರವರಿ ಕಳೆದು ಮಾರ್ಚ್ ಬಂತು. ಒಣಗಿದ ಕಡ್ಡಿ ಆರಿಸಲು ಹೋಗಿದ್ದ ರಾಮಮ್ಮ ಓಡುತ್ತ ಬಂದು ಅವನನ್ನು ಕೈ ಹಿಡಿದು ಎಳೆದುಕೊಂಡು ಹೋದಳು. ರಸ್ತೆ ಬ್ಲಾಕಿನಲ್ಲಿ ಗಿಡಗಳು ಹಳದಿ ತಿರುಗಿದ್ದವು. ರೆಕ್ಕೆಗಳ ತುದಿ ಕಪ್ಪಾಗಿ ಒಣಗುತ್ತಿತ್ತು. ಕಾಂಡದ ಮೇಲೆ ಸಿಪ್ಪೆ ಬಳೆ ತೊಟ್ಟ ಹಾಗೆ ಉಬ್ಬಿತ್ತು.

ಸುದ್ದಿ ತಿಳಿದು ತಂದೆ ಮಗ ಇಬ್ಬರೂ ಬಂದರು. ಪ್ರಶಾಂತ್ ಒಂದು ಗಿಡವನ್ನು ಬಗ್ಗಿಸಿದ, ಅದು ಕೈಯಲ್ಲೇ ಮುರಿಯಿತು. ಒಳಗೆಲ್ಲ ಪುಡಿ, ನಡುವೆ ಬಿಳಿ ಹುಳ. ಬಿಸಿಲು ಬಿದ್ದ ಅರೇಬಿಕಾ ಕಾಫಿ ಗಿಡ ಹುಡುಕಿ ಬಂದು ಕಾಂಡ ಕೊರೆಯುವ ಬೋರರ್. ಹತ್ತು ಗಿಡ ನೋಡಿದರು, ಆರರಲ್ಲಿ ಅದೇ.

"ಬಿಸಿಲು ಬೇಕು ಅಂದಿದ್ದು ಸುಳ್ಳಲ್ಲ ಸಣ್ಣಯ್ಯ," ಗಿಡ್ಡಪ್ಪ ಮೆಲ್ಲಗೆ ಹೇಳಿದ. ಹುಡುಗನ ಮುಖ ನೋಡಿ ಅವನಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. "ಗಿಡ ಹುರುಪಿಗೆ ಬಿದ್ದು ಊರಿಗೆಲ್ಲ ಊಟಕ್ಕೆ ಹೇಳ್ತು. ಅಷ್ಟು ಕಾಯಿಗೆ ಬಡಿಸೋಕೆ ಎಲೆ ಎಲ್ಲಿತ್ತು? ಸೋತು ನಿಂತಿದ್ದಕ್ಕೆ ಹುಳ ಹತ್ತಿತು."

ಪ್ರಶಾಂತ್ ಹಳ್ಳದ ಕಡೆ ನಡೆದ. ಉಳಿದವರು ಹಿಂದೆಯೇ ಹೋದರು. ಬಸರಿಯ ಕೆಳಗೆ ಕಾಫಿ ಗಿಡಗಳು ಕಡುಹಸಿರಾಗಿ ನಿಂತಿದ್ದವು. ಕಾಲಿಟ್ಟರೆ ಪಾದ ಹೂತುಹೋಗುವಷ್ಟು ಉದುರೆಲೆ, ಅದರಡಿ ಮಣ್ಣು ತಣ್ಣಗೆ ಕರ್ರಗೆ. ಬೇರಿನ ಸಂದಿಯಲ್ಲಿ ನೀರು ಹಾಗೇ ಇತ್ತು. ಹೊತ್ತು ಹನ್ನೆರಡರ ಸುಮಾರು.

"ಗಿಡ್ಡಪ್ಪ, ಟವೆಲ್ ಕೊಡು" ಎಂದ ಪ್ರಶಾಂತ್.

ತಾನೇ ಹಾಸಿದ. ಬಿಸಿಲು ದುಂಡುದುಂಡಾಗಿ ಬಿತ್ತು. ಅವನು ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಬೆರಳಿಟ್ಟು ಎಣಿಸಿದ. ಆಮೇಲೆ ಅಪ್ಪನ ಕಡೆ ತಿರುಗಿ, "ಇದನ್ನ ಮುಟ್ಟೋದು ಬೇಡ" ಎಂದ.

"ನಾನೆಲ್ಲಿ ಮುಟ್ತೀನಿ ಅಂದೆ ಮಾರಾಯ!" ಎಂದರು ಗಂಗಾಧರಪ್ಪನವರು. ಎಲ್ಲರಿಗಿಂತ ಮೊದಲು ನಕ್ಕವಳು ರಾಮಮ್ಮ.

ಆ ವರ್ಷ ಮೇ ತಿಂಗಳಲ್ಲಿ ಗಿಡ್ಡಪ್ಪ ಬಸರಿಯ ಬುಡದಲ್ಲಿ ಎರಡು ಅಚ್ಚು ಬೆಲ್ಲ ಇಟ್ಟ. ರೋಗದ ಗಿಡಗಳನ್ನು ಕಿತ್ತು ಸುಟ್ಟು, ರಸ್ತೆ ಬ್ಲಾಕಿನಲ್ಲಿ ಬೇಗ ನೆರಳಿಗೆ ಬರಲೆಂದು ಹಾಲವಾಣದ ಗೂಟ ಊರಿದರು, ನಡುನಡುವೆ ಅತ್ತಿ, ಹಲಸಿನ ಸಸಿ ನೆಟ್ಟರು. ಹತ್ತು ವರ್ಷಕ್ಕೆ ಅಲ್ಲಿ ಮತ್ತೆ ತಂಪು ಕೂತಿತು.

ಅಷ್ಟು ಹೊತ್ತಿಗೆ ಗಿಡ್ಡಪ್ಪನ ಮಂಡಿ ಏಣಿಗೆ ಒಗ್ಗುತ್ತಿರಲಿಲ್ಲ. ಹತ್ತುವವರು ಬೇರೆಯವರು. ಅವನದು ಕೆಳಗೆ ಕಲ್ಲಿನ ಮೇಲೆ ಕೂತು ಬಾಯಲ್ಲಿ ಹೇಳುವ ಕೆಲಸ. ಪಕ್ಕದಲ್ಲಿ ಪ್ರಶಾಂತ್ ತನ್ನದೇ ಟವೆಲ್ ಹಾಸಿಕೊಂಡು ನಿಲ್ಲುತ್ತಿದ್ದ. ಒಂದು ಮಧ್ಯಾಹ್ನ ಕೇಳಿದ.

"ಇಲ್ಲಿ ಸಾಕಲ್ವಾ ಗಿಡ್ಡಪ್ಪ?"

ಗಿಡ್ಡಪ್ಪ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ.

"ಆ ಮೂಲೇಲಿ ಎರಡು ಅಂಟ್ಕಂಡಿದಾವೆ ನೋಡಿ. ಮೇಲಿನವನಿಗೆ ಸಾಕು ಇಳಿ ಅನ್ನಿ. ಬನ್ನಿ, ರಾಮಮ್ಮ ಇವತ್ತು ನಿಜವಾದ ಸಂಡಿಗೆ ಕರಿದವ್ಳೆ."